ಭತ್ತ ಸುರಿದಷ್ಟೂ ಇಳಿದ ಸ್ವರ

ಆ ದಿನ ಬೆಳಿಗ್ಗೆ ನಮ್ಮವರು ಅಂಗಡಿಯ ಮೇಜಿನ ಕೆಳಗೆ ಮಂಡಿಯೂರಿ ಸ್ಕ್ರೂ ಹುಡುಕುತ್ತಿದ್ದರು. ಯಾರದೋ ರೇಡಿಯೋದ ಹಿಂಬದಿಯ ಸ್ಕ್ರೂ. ನಾನು ಕಾಫಿ ತಂದಿಟ್ಟು, ಕಪಾಟಿನಲ್ಲಿದ್ದ ಅಯಸ್ಕಾಂತ ತೆಗೆದುಕೊಟ್ಟೆ.

"ಇದ್ನ ನೆಲದ ಮೇಲೆ ಆಡ್ಸಿ. ತಾನೇ ಬಂದು ಅಂಟ್ಕೊಳ್ತದೆ."

"ಅಯಸ್ಕಾಂತ ಎಲ್ಲಿತ್ತು?"

"ಮೇಲಿನ ಕಪಾಟಲ್ಲಿ."

"ಅದರ ಕೆಳಗೇ ಟೇಪ್ ಅವೆ, ಅಯಸ್ಕಾಂತಕ್ಕೆ ಅಳ್ಸೋಗ್ತವೆ ಅಂತ ಗೊತ್ತಿಲ್ವ? ಇಷ್ಟು ವರ್ಷ ನನ್ ಜೊತೆ ಇದ್ದು ಏನ್ ಕಲ್ತೆ ನೀನು?"

"ಅಲ್ಲಿಟ್ಟೋರು ನೀವು. ನಾನು ತೆಗ್ದೆ ಅಷ್ಟೆ."

ಮೇಜಿನಡಿಯಿಂದಲೇ ನಕ್ಕರು. ಏಳುವಾಗ ತಲೆ ಬಡಿಸಿಕೊಂಡರು. ಸ್ಕ್ರೂ ಆಮೇಲೆ ಅವರ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಮಧ್ಯಾಹ್ನ ಅಕ್ಕಿರೊಟ್ಟಿಗೆ ಹುರುಳಿ ಚಟ್ನಿ ಹಾಕಿಸಿಕೊಂಡು ತಿಂದರು, ಸಂಜೆ ಬಸ್ ನಿಲ್ಲುವಲ್ಲಿಗೆ ಹೋಗಿ ಪೇಪರ್ ತಂದರು, ಪೇಪರಿನಲ್ಲಿ ಏನೂ ಇಲ್ಲ ಎಂದು ಮಡಿಸಿಟ್ಟರು. ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸಿ ಕೂಗಿದೆ. ಅವರು ಏಳಲಿಲ್ಲ.

ನಮ್ಮದು ಕೊಡ್ಲಿಪೇಟೆ. ಅಂಗಡಿಗೆ ಬೋರ್ಡು ಇತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ರೇಡಿಯೋ ನಂಜಪ್ಪನ ಅಂಗಡಿ ಎಂದರೆ ಸಾಕಾಗಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಾನು ಮದುವೆಯಾಗಿ ಆ ಮನೆಗೆ ಬಂದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ರೇಡಿಯೋ ರಿಪೇರಿ ಅವರ ಕೆಲಸ. ಆಮೇಲೆ ಟೇಪ್ ರೆಕಾರ್ಡರ್‌ಗಳು ಬಂದವು. ಅವನ್ನು ಮನೆ ಮನೆಗೆ ಒಯ್ದು ಕೂರಿಸಿ, ಪರೀಕ್ಷೆ ಮಾಡಿ ಒಪ್ಪಿಸುವ ಕೆಲಸ ಇಬ್ಬರದೂ ಆಯಿತು. ಕ್ಯಾಸೆಟ್ ಬಂದು ಆ ಕೆಲಸ ಮುಗಿಯುವವರೆಗೂ ಮಾಡಿದೆವು.

ನನ್ನ ಮೈದುನನ ಮಗಳು ಈಗ ರೇಡಿಯೋ, ಟಿವಿ ರಿಪೇರಿಯ ತರಬೇತಿಗೆ ಸೇರಿದ್ದಾಳೆ. "ದೊಡ್ಡಮ್ಮ, ಪುಸ್ತಕದಲ್ಲಿ ಎಲ್ಲಾ ಅದೆ. ಜನ ಹೆಂಗಿರ್ತಾರೆ ಅನ್ನೋದು ಇಲ್ಲ. ನೀವು ಬರ್ದುಕೊಡಿ" ಎಂದಳು. ನಾನು ಓದಿದ್ದು ಎಂಟನೆಯ ತರಗತಿ. ತಿಳಿದಷ್ಟು ಬರೆಯುತ್ತೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಅವರು ಹೋದ ಮೇಲೆ ಕಪಾಟಿನ ಟೇಪುಗಳನ್ನೆಲ್ಲ ಹೊರಗೆ ತೆಗೆದೆ. ಊರವರ ಸ್ವರವನ್ನೆಲ್ಲ ಹಿಡಿದ ಅಂಗಡಿ. ಅವರದೂ ಒಂದು ಮಾತು ಎಲ್ಲಾದರೂ ಉಳಿದಿರಬೇಕಲ್ಲ. ಹಳೆಯ ಮಿಷನ್ನಿನ ಧೂಳು ಒರೆಸಿ, ಒಂದೊಂದೇ ಟೇಪು ಹಾಕಿ ಕೇಳುತ್ತಿದ್ದೇನೆ. ಇದುವರೆಗೆ ಕೇಳಿಸಿರುವುದು ನನ್ನ ಸ್ವರ. ಸಾಸಿವೆ, ಶುಂಠಿ, ಸೀಗೆಕಾಯಿ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಸ್ಪೂಲ್ ಟೇಪ್ ರೆಕಾರ್ಡರ್ ಅಂದರೆ ಈಗಿನ ಮಕ್ಕಳಿಗೆ ಗೊತ್ತಿರಲಾರದು. ಬಟ್ಟೆ ತುಂಬುವ ಸೂಟ್‌ಕೇಸಿನಷ್ಟು ದೊಡ್ಡದು, ಕಲ್ಲಿನಷ್ಟು ಭಾರ. ಮುಚ್ಚಳ ತೆಗೆದರೆ ಮೇಲೆ ಎರಡು ಚಕ್ರ. ಕಂದು ಬಣ್ಣದ ಟೇಪು ಎಡಗಡೆಯ ಚಕ್ರದಿಂದ ಬಲಗಡೆಯದಕ್ಕೆ ಹೋಗುತ್ತದೆ. ನಡುವೆ ಹೆಬ್ಬೆರಳಿನಷ್ಟು ಒಂದು ಲೋಹದ ತುಂಡು, ಹೆಡ್ ಎನ್ನುತ್ತೇವೆ. ಮೈಕಿನಿಂದ ಬಂದ ಸ್ವರವನ್ನು ಟೇಪಿನ ಮೇಲೆ ಬರೆಯುವುದು ಅದೇ, ಆಮೇಲೆ ಓದುವುದೂ ಅದೇ. ಹಳೆಯದರ ಮೇಲೆ ಹೊಸದನ್ನು ಹಿಡಿದರೆ ಹಳೆಯದು ಹೋಯಿತು.

ಮೊದಲ ಮಿಷನ್ ಬಂದದ್ದು ಒಬ್ಬ ಕಾಫಿ ಸಾಹುಕಾರರ ಜೀಪಿನಲ್ಲಿ. ಮದರಾಸಿನಿಂದ ತರಿಸಿದ್ದರು. "ನಂಜಪ್ಪ, ರೇಡಿಯೋ ಗೊತ್ತಿದ್ದೋನಿಗೆ ಇದೇನ್ ಮಹಾ. ಸಾಯಂಕಾಲ ಬತ್ತೀನಿ, ಹಾಡ್ತಾ ಇರ್ಬೇಕು" ಎಂದು ಹೋದರು. ನಮ್ಮವರು ಅಂಥದ್ದನ್ನು ಕಣ್ಣಿನಿಂದಲೂ ನೋಡಿರಲಿಲ್ಲ. ಕರೆಂಟು ಕೊಟ್ಟರೆ ಒಳಗಿನಿಂದ ಹುಲಿ ಗುರುಗುಟ್ಟಿದ ಹಾಗೆ ಸದ್ದು. ಚಕ್ರ ತಿರುಗುವುದಿಲ್ಲ. ಅವರು ಎಲ್ಲವನ್ನೂ ಬಿಚ್ಚಿದರು. ಮೋಟಾರು ಸುಟ್ಟಿರಬೇಕು, ಹಡಗಿನಲ್ಲಿ ನೀರು ಕುಡಿದಿರಬೇಕು, ಕಳ್ಳಮಾಲು ಇರಬೇಕು ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಸಾಹುಕಾರರಿಗೆ ಏನು ಹೇಳುವುದು ಎಂದು ಹಣೆ ಬೆವರಿತು.

ಪೆಟ್ಟಿಗೆಯ ಜೊತೆ ಇಂಗ್ಲಿಷಿನ ಸಣ್ಣ ಪುಸ್ತಕ ಇತ್ತು. ನಾನು ಬಾಗಿಲ ಬಳಿ ಕೂತು ಅಕ್ಷರ ಕೂಡಿಸಿ ಓದುತ್ತಿದ್ದೆ. ಮೊದಲ ಪುಟದಲ್ಲೇ ಕೆಂಪು ಅಕ್ಷರ.

"ರೀ, ಕೆಂಪು ಬಣ್ಣದ ಮೂರು ಸ್ಕ್ರೂ ತೆಗೀಬೇಕಂತೆ. ದಾರೀಲಿ ಮೋಟಾರು ಅಲ್ಲಾಡ್ಬಾರ್ದು ಅಂತ ಬಿಗ್ದು ಕಳ್ಸಿರ್ತಾರಂತೆ."

ಅವರು ಬಿಚ್ಚಿಟ್ಟ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು. "ಇದ್ನ ಬೆಳಿಗ್ಗೆ ಓದಕ್ಕೆ ಏನಾಗಿತ್ತು ನಿಂಗೆ?"

"ಬೆಳಿಗ್ಗೆ ಓದಕ್ಕೆ ಕೂತಾಗ 'ಪುಸ್ತಕ ಓದಿ ಯಾರಾದ್ರೂ ಈಜು ಕಲೀತಾರ' ಅಂದೋರು ಯಾರು?"

ಹೊಸದಾಗಿ ಸೇರುವವರಿಗೆ ಹೇಳುವುದು ಇಷ್ಟೆ. ಹೊಸ ಮಿಷನ್ ಕೆಟ್ಟಿದೆ ಎನ್ನುವ ಮೊದಲು ಅದನ್ನು ಕಟ್ಟಿ ಕಳಿಸಿದವರು ಏನೇನು ಬಿಗಿದಿದ್ದಾರೆ ನೋಡಿ. ಅಲ್ಲಾಡದ ಮೇಜಿನ ಮೇಲಿಡಿ. ಪಕ್ಕದಲ್ಲಿ ರೇಡಿಯೋ, ಸ್ಪೀಕರ್, ಅಯಸ್ಕಾಂತ ಇರುವ ಏನೂ ಬೇಡ. ಗೋಡೆಯ ಕರೆಂಟು ಎಷ್ಟಿದೆ, ಮಿಷನ್ನಿನ ಹಿಂದೆ ಎಷ್ಟಕ್ಕೆ ತಿರುಗಿಸಿದೆ, ಎರಡೂ ಒಂದೇ ಇರಬೇಕು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಆಮೇಲೆ ಸ್ವಲ್ಪ ಹಿಡಿದು, ಕೂಡಲೇ ಕೇಳಿ. ಹಿಡಿದದ್ದು ನಿಂತಿದೆಯೇ ಎಂದು ಕೇಳಿ ನೋಡದೆ ಯಾರದೂ ಮುಖ್ಯವಾದ ಮಾತು ಅದಕ್ಕೆ ಕೊಡಬೇಡಿ. ಮುಖ್ಯವಾದದ್ದನ್ನು ಒಂದೇ ಟೇಪಿನಲ್ಲೂ ಇಡಬೇಡಿ.

ಈ ಹಿಡಿದು ಕೇಳುವ ಕೆಲಸ ನನ್ನದಾದದ್ದು ಹೀಗೆ. ಮೊದಮೊದಲು ಅವರೇ ಮೈಕಿನ ಮುಂದೆ ಹಲೋ ಹಲೋ ಎನ್ನುತ್ತಿದ್ದರು. ಹಲೋ ಎಷ್ಟು ಕೆಟ್ಟ ಮಿಷನ್ನಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಹೆಡ್ ಒಂದು ಕೂದಲಷ್ಟು ವಾರೆಯಾದರೆ ಮೊದಲು ಮಾಸುವುದು ಸಕಾರ, ಚಕಾರ. ಒಂದು ದಿನ ನಾನು ಒಳಗಿನಿಂದ, "ಸಾಸಿವೆ ಮುಗ್ದದೆ, ಶುಂಠಿ ಇಲ್ಲ, ಸೀಗೆಕಾಯಿ ತರ್ಬೇಕು" ಎಂದು ಕೂಗಿದ್ದು ಹಾಗೇ ಟೇಪಿನಲ್ಲಿ ಹಿಡಿಯಿತು. ಕೇಳಿದರೆ "ತಾತಿವೆ, ತುಂಠಿ" ಎಂದು ತೊದಲಿನ ಹಾಗೆ ಬಂತು. ಅವರು ಸಂತೋಷದಿಂದ ಕುಣಿದರು. ಹೆಡ್ ತಿರುಗಿಸುತ್ತಾ, "ಇನ್ನೊಂದ್ಸಲ ಹೇಳು, ಇನ್ನೊಂದ್ಸಲ" ಎಂದು ಸಾಸಿವೆ ಸಾಸಿವೆಯಾಗುವವರೆಗೆ ಬಿಡಲಿಲ್ಲ.

ಅಂದಿನಿಂದ ನಾನು ಮೈಕಿನ ಮುಂದೆ, ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಿಷನ್ನಿನ ಹಿಂದೆ. ಟೇಪು ಓಡುವಾಗ ಅವರು ಬಾಯಿ ಬಿಡುತ್ತಿರಲಿಲ್ಲ. ಶುರುವಾಯಿತು ಎನ್ನಲು ಬೆರಳೆತ್ತುವುದು, ಸಾಕು ಎನ್ನಲು ಕೈಮುಷ್ಟಿ. ಕೆಮ್ಮು ಬಂದರೂ ತಡೆದುಕೊಂಡು ಮುಖ ಕೆಂಪಾಗುತ್ತಿತ್ತು. ಅವರ ಹಳೆಯ ಹಲೋಗಳ ಮೇಲೂ ನನ್ನ ಸ್ವರವೇ ಹಿಡಿದು ಅವು ಅಳಿದವು. ಹಾಗಾಗಿ ನಮ್ಮ ಕಪಾಟಿನಲ್ಲಿ ಇರುವುದೆಲ್ಲ ನನ್ನ ಸಾಸಿವೆ. ಕುಟ್ಟದ ಕಡೆ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರ್ ಪರೀಕ್ಷೆಯ ಟೇಪನ್ನು ಅಳಿಸದೆ ಮನೆಗೆ ಒಯ್ದು ಹಾಕಿದ್ದರಂತೆ. ಅವರ ಹೆಂಡತಿ ಕೇಳಿ, "ಯಾರ್ರೀ ಇವ್ಳು? ನಿಮ್ಮತ್ರ ಸಾಮಾನು ತರ್ಸ್ಕೊಳ್ಳೋ ಸಲಿಗೆ ಯಾವಾಗ ಬಂತು?" ಎಂದು ಎರಡು ದಿನ ಮಾತು ಬಿಟ್ಟರಂತೆ. ರೈಟರ್ ಬಸ್ ಹತ್ತಿ ಬಂದು, ನನ್ನ ಮುಖ ತೋರಿಸಬೇಕು, ಒಮ್ಮೆ ಬನ್ನಿ ಎಂದು ಕೈಮುಗಿದರು.

ಮೇಲಧಿಕಾರಿ ಎಂದು ನಮಗೆ ಇದ್ದವರು ಒಬ್ಬರೇ, ಮೈಸೂರಿನ ಏಜೆಂಟರು. ಮಿಷನ್ನುಗಳು ಅವರ ಮೂಲಕ ಬರುತ್ತಿದ್ದವು. ವರ್ಷಕ್ಕೊಂದು ಸಲ ಸೂಟು ಹಾಕಿಕೊಂಡು ಬಂದು ನಮ್ಮ ಕೆಲಸ ನೋಡುತ್ತಿದ್ದರು. ಮೊದಲ ಸಲ ಬಂದಾಗ ನಾನು ಮೈಕಿನ ಮುಂದೆ ಕೂತದ್ದು ಅವರಿಗೆ ಹಿಡಿಸಲಿಲ್ಲ.

"ಏನ್ರೀ ನಂಜಪ್ಪ, ಕಂಪನಿ ಮಿಷನ್ನಿಗೆ ದಿನಸಿ ಪಟ್ಟಿ ಓದಿಸ್ತೀರಲ್ಲ. ಒಂದು ಗಾಂಭೀರ್ಯ ಬೇಡವೇ? ಸರೀರಿ, ನಾನು ಮಾತಾಡ್ತೀನಿ."

ಅವರು ಗಂಟಲು ಸರಿಮಾಡಿಕೊಂಡು ಭಾಷಣ ಮಾಡಿದರು. ನಮ್ಮವರು ಹಿಂದೆ ಸುತ್ತಿ ಕೇಳಿಸಿದರು. ಏಜೆಂಟರ ಮುಖ ಸಣ್ಣದಾಯಿತು.

"ಇದು ನನ್ನ ಸ್ವರ ಅಲ್ಲ. ಮಿಷನ್ ಕೆಟ್ಟಿದೆ. ಮೂಗಿನಲ್ಲಿ ಮಾತಾಡೋ ಹಾಗಿದೆ."

"ಇಲ್ಲ ಸ್ವಾಮಿ, ಸರಿಯಾಗೇ ಅದೆ" ಎಂದರು ಇವರು.

"ಏನಮ್ಮ, ನೀವು ಹೇಳಿ. ನನ್ನ ಸ್ವರ ಹೀಗಿದೆಯೇ?"

ನಾನು ನೆಲ ನೋಡಿದೆ. "ಶೀತ ಆಗಿರ್ಬೇಕು ಸ್ವಾಮಿ" ಎಂದೆ. ಅವರಿಗೆ ಸಮಾಧಾನವಾಯಿತು. ಆಮೇಲೆ ಎಂದೂ ಮೈಕಿನ ಮುಂದೆ ಕೂರಲಿಲ್ಲ, ನನ್ನ ದಿನಸಿಗೂ ಅಡ್ಡ ಬರಲಿಲ್ಲ.

ತನ್ನ ಸ್ವರ ಮೊದಲ ಸಲ ಹೊರಗಿನಿಂದ ಕೇಳಿದ ಯಾರೂ ಅದನ್ನು ಒಪ್ಪುವುದಿಲ್ಲ. ಅದು ಮಿಷನ್ನಿನ ದೋಷವಲ್ಲ. ಗಿರಾಕಿಯ ಜೊತೆ ವಾದ ಮಾಡಬೇಡಿ, ಇನ್ನೊಬ್ಬರ ಸ್ವರ ಹಿಡಿದು ಅವರಿಗೆ ಕೇಳಿಸಿ. ಅದು ಸರಿಯಾಗಿದೆ ಎನ್ನುತ್ತಾರೆ.

ದೂರದ ಮನೆಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸಿನ ಮೇಲೆ ಹಾಕಿದರೆ ಮಿಷನ್ನಿನೊಳಗಿನ ಗಾಜಿನ ವಾಲ್ವು ಒಡೆಯುತ್ತದೆ. ಹಾಗಾಗಿ ಕಂಬಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದು. ಒಮ್ಮೆ ಮೂರ್ನಾಡಿಗೆ ಹೊರಟಿದ್ದೆವು. ಕಂಡಕ್ಟರು ಬಗ್ಗಿ ನೋಡಿದ.

"ಏನಕ್ಕ, ಕೂಸಿಗೆ ಉಷಾರಿಲ್ವ? ಮುಖಾನೂ ಮುಚ್ಬುಟ್ಟಿದೀರಿ, ಉಸ್ರು ಕಟ್ಟಲ್ವ?" ಎಂದು ಕಂಬಳಿ ಸರಿಸಿದ. ಎರಡು ಚಕ್ರ ಅವನನ್ನೇ ದಿಟ್ಟಿಸಿದವು. "ಅಯ್ಯೋ ದೇವ್ರೆ, ಇದು ಲಗೇಜು!"

"ಲಗೇಜು ಮಾತಾಡ್ತದ? ಇದು ಮಾತಾಡ್ತದೆ. ಅರ್ಧ ಟಿಕೆಟ್ ಹರೀರಿ" ಎಂದರು ನಮ್ಮವರು. ಬಸ್ಸಿನಲ್ಲಿದ್ದವರೆಲ್ಲ ಮಡಿಕೇರಿಯವರೆಗೆ ಅದನ್ನೇ ಹೇಳಿಕೊಂಡು ನಕ್ಕರು. ಟಿಕೆಟ್ ಮಾತ್ರ ಪೂರ್ತಿ ಹರಿದ.

ಮೂರ್ನಾಡಿನ ಆ ಮನೆಯಲ್ಲಿ ಮೈಕು ಕಂಡ ಕೂಡಲೇ ಎಲ್ಲರೂ ಮೂಕರಾದರು. ಹತ್ತು ಜನ ಇದ್ದ ಮನೆ, ಒಂದು ಮಾತಿಲ್ಲ. ಕಟ್ಟಿಹಾಕಿದ್ದ ಬೇಟೆನಾಯಿ ಒಂದೇ ಬೊಗಳಿತು. ಹಿಂದೆ ಸುತ್ತಿ ಕೇಳಿಸಿದಾಗ ಆ ನಾಯಿ ಪೆಟ್ಟಿಗೆಯ ಮೇಲೆ ಎಗರಿ, ಹಲ್ಲು ಕಿಸಿದು, ಒಳಗಿನ ನಾಯಿಗೆ ಉತ್ತರ ಕೊಡತೊಡಗಿತು. ಮನೆಯ ಹಿರಿಯರು, "ನಾಯಿಯೇ ನಂಬಿದ ಮೇಲೆ ಇನ್ನು ನಾವು ಎಂತ ಪರೀಕ್ಷೆ ಮಾಡುವುದು ಮಾರಾಯ್ರೆ, ಇಟ್ಟು ಹೋಗಿ" ಎಂದರು.

ಇನ್ನು ದೊಡ್ಡ ತಪ್ಪಿನ ಕಥೆ. ಅದು ಯಾರ ತಪ್ಪು ಎಂದು ಇಂದಿಗೂ ಹೇಳಲಾರೆ.

ನಮ್ಮ ಊರಿನಿಂದ ಸ್ವಲ್ಪ ದೂರದಲ್ಲಿ ಹೊಳೆಯ ಪಕ್ಕ ಒಂದು ಕಾಫಿ ತೋಟ. ಯಜಮಾನರು ಪುಟ್ಟಸ್ವಾಮಪ್ಪ, ತುಂಬ ವಯಸ್ಸಾದವರು. ಹೆಂಡತಿ ಸಿದ್ದವ್ವ. ದೊಡ್ಡ ಮಗ ಮಹದೇವಪ್ಪ ಹಾಡು ಕೇಳುವ ಆಸೆಗೆ ಮಿಷನ್ ಕೊಂಡರು. ಅಲ್ಲಿಗೆ ಇಲಾಖೆಯ ಕರೆಂಟು ಬಂದಿರಲಿಲ್ಲ. ಹೊಳೆಯ ಕಡೆ ಇಂಜಿನ್ ಮನೆ ಇತ್ತು. ಒಂದೇ ಡೀಸೆಲ್ ಇಂಜಿನ್ನು ಮೂರು ಕೆಲಸ ಮಾಡುತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಭತ್ತ ಕುಟ್ಟುವ ಹಲ್ಲರ್, ಮನೆಗೆ ಕರೆಂಟು ಕೊಡುವ ಡೈನಮೋ, ಎಲ್ಲಕ್ಕೂ ಪಟ್ಟೆ ಅದರಿಂದಲೇ.

ನಾವು ಹೋದದ್ದು ಕಾಫಿ ಕೊಯ್ಲಿನ ಭರಾಟೆಯಲ್ಲಿ. ಹಗಲಿಡೀ ಪಲ್ಪರ್ ಓಡುತ್ತಿತ್ತು. ಮಿಷನ್ನನ್ನು ಜಗಲಿಯಲ್ಲಿ ಕೂರಿಸಿ, ನನ್ನ ಸಾಸಿವೆ ಆದ ಮೇಲೆ, ಯಜಮಾನರನ್ನು ಮೈಕಿನ ಮುಂದೆ ಕೂರಿಸಿದೆವು. ಅವರಿಗೆ ಕಣ್ಣು ಮಂಜು. ನಮ್ಮವರು ಎತ್ತಿದ ಬೆರಳು ಅವರಿಗೆ ಕಾಣಲಿಲ್ಲ. ಸುಮ್ಮನೇ ಕೂತರು. ಟೇಪು ಓಡುತ್ತಿತ್ತು. ಕೊನೆಗೆ ನಮ್ಮವರು ಬಾಯಿಬಿಟ್ಟು ಹೇಳಬೇಕಾಯಿತು.

"ಮಾತಾಡಿ ಯಜಮಾನ್ರೆ, ಓಡ್ತಾ ಅದೆ."

"ಯಾರತ್ರ ಮಾತಾಡ್ಲಿ? ಎದುರ್ಗೆ ಯಾರೂ ಇಲ್ವಲ್ಲ" ಎಂದರು ಯಜಮಾನರು. ಆಮೇಲೆ ಒಳಗಡೆ ತಿರುಗಿ, "ಏ ಸಿದ್ದಿ, ಕರಿ ಎಮ್ಮೆಗೆ ಹುಲ್ ಹಾಕ್ದ? ಇವ್ರೇನೋ ಪೆಟ್ಗೆ ತಂದವ್ರೆ, ಇದ್ಕೆ ಮಾತು ಬೇಕಂತೆ. ಈ ಮನೇಲಿ ಮಾತಿಗೇನ್ ಬರ, ನೀನೇ ಬಾ. ನಂಗೆ ಕಣದ ಮೇಲೆ ಕೆಲ್ಸ ಅದೆ. ಯಾವನೋ ಗೇಟು ತೆಗ್ದಿಟ್ಟು ಹೋಗವ್ನೆ, ದನ ನುಗ್ತಾವೆ" ಎಂದು ಗೊಣಗುತ್ತಾ ಎದ್ದು ಹೋದರು. ಕೂಡಲೇ ಕೇಳಿಸಿದೆವು. ಪಡಿಯಚ್ಚು ಅವರ ದಪ್ಪ ಸ್ವರ. ಎಲ್ಲರೂ ಒಪ್ಪಿದರು. ಹಣ ಕೊಟ್ಟು, ಊಟ ಹಾಕಿ ಕಳಿಸಿದರು.

ಮುಂದಿನ ಮಳೆಗಾಲದ ಹೊತ್ತಿಗೆ ಯಜಮಾನರು ತೀರಿಕೊಂಡರು. ಒಂದು ವಾರ ಕಳೆದು ಮಹದೇವಪ್ಪ ಅಂಗಡಿಗೆ ಬಂದರು. ಕೊಡೆಯನ್ನೂ ಮಡಿಸಲಿಲ್ಲ.

"ನಂಜಪ್ಪನೋರೆ, ನಮ್ಮಪ್ಪನ್ನ ಏನ್ ಮಾಡಿದ್ರಿ?"

ಒಳಗೆ ಕೂರಿಸಿ ಏನಾಯಿತು ಎಂದು ಕೇಳಿದೆವು. ಕ್ರಿಯೆಗೆ ಬಂದ ನೆಂಟರೆಲ್ಲ ಕೂತಿದ್ದಾಗ ಆ ಟೇಪು ಹಾಕಿದ್ದರಂತೆ. ಪೆಟ್ಟಿಗೆಯಿಂದ ಬಂದದ್ದು ಮೀಸೆ ಬಾರದ ಹುಡುಗನ ಸ್ವರ. ಮಾತು ಅವೇ, ಎಮ್ಮೆ ಅದೇ, ಗೇಟು ಅದೇ. ಮಕ್ಕಳು ಕಿಸಕ್ಕನೆ ನಕ್ಕರಂತೆ. ಸಿದ್ದವ್ವ ಎದ್ದು ಒಳಗೆ ಹೋದವರು ಊಟಕ್ಕೂ ಬಂದಿಲ್ಲವಂತೆ.

"ಅವ್ವ ಹೇಳ್ತಾಳೆ, ಬದ್ಕಿದ್ದಾಗ ಯಾರೂ ಅವರ ಎದುರ್ಗೆ ನಗ್ಲಿಲ್ಲ, ಸತ್ತ ಮೇಲೆ ಅಣಕ ಮಾಡ್ಸಿದ್ರಿ ಅಂತ. ನಿಮ್ ಪೆಟ್ಗೆ ನೀವೇ ಇಟ್ಕೊಳ್ಳಿ. ನಮ್ಮಪ್ಪನ್ನ ಕೊಡಿ."

ಅದೇ ದಿನ ಹೋದೆವು. ನನಗೆ ಭಯ. ಆ ಸ್ವರ ಹಾಳಾಗಿದ್ದರೆ ಇನ್ನೊಮ್ಮೆ ಹಿಡಿಯಲು ಯಜಮಾನರು ಇಲ್ಲ. ನಮ್ಮವರು ಹೆಡ್ ಒರೆಸಿದರು, ರಬ್ಬರು ನೋಡಿದರು, ಮೋಟಾರಿಗೆ ಎಣ್ಣೆ ಬಿಟ್ಟರು. ನನ್ನ ಸ್ವರ ಹಿಡಿದು ಕೇಳಿದರೆ ಸರಿಯಾಗಿಯೇ ಇತ್ತು. ಯಜಮಾನರ ಟೇಪು ಹಾಕಿದರೆ ಮತ್ತೆ ಹುಡುಗ.

ಸಿದ್ದವ್ವ ಬಾಗಿಲ ಹಿಂದೆ ನಿಂತಿದ್ದರು. "ಅವ್ವ, ಮೊದಲ್ನೇ ಸಲ ಕೇಳಿದ್ರೆ ಎಲ್ರಿಗೂ ಬೇರೆ ಥರ ಅನ್ನಿಸ್ತದೆ" ಎಂದು ನಾನು ರೂಢಿಯ ಮಾತು ಹೇಳಿದೆ.

"ನನ್ ಸ್ವರ ನಂಗೆ ಬೇರೆ ಥರ ಅನ್ನಿಸ್ಲಿ ತಾಯಿ. ಅವರ್ದು ಹೆಂಗನ್ನಿಸ್ತದೆ? ಲಗ್ನ ಆದಾಗಿಂದ ಬೈಸ್ಕೊಂಡೋಳು ನಾನು." ಸ್ವಲ್ಪ ಹೊತ್ತು ಕಿವಿಗೊಟ್ಟು ಮತ್ತೆ ಅಂದರು, "ಅವರೊಬ್ರೇ ಅಲ್ಲ, ಹಿಂದ್ಗಡೆ ಪಲ್ಪರ್ ಕೇಳ್ತದಲ್ಲ, ಅದೂ ಹಿಂಗೆ ಓಡಾದಲ್ಲ. ನಮ್ ಪಲ್ಪರ್ರು ಎತ್ತಿನ ಗಾಡಿ ಥರ ಮೆಲ್ಲಗೆ ಹೋಗಾದು. ಇದೇನು ನಾಯಿ ಅಟ್ಟಿಸ್ಕೊಂಡು ಬಂದಂಗೆ ಓಡ್ತದೆ?"

ನಮ್ಮವರು ಕೈಯಲ್ಲಿದ್ದ ಎಣ್ಣೆ ಡಬ್ಬ ಕೆಳಗಿಟ್ಟು ಹಣೆ ಹೊಡೆದುಕೊಂಡರು.

ಟೇಪಿನ ಮೋಟಾರು ಕರೆಂಟಿನ ಮಿಡಿತಕ್ಕೆ ಸರಿಯಾಗಿ ತಿರುಗುತ್ತದೆ. ಡೈನಮೋ ಜೋರಾದರೆ ಅದೂ ಜೋರು, ಡೈನಮೋ ನಿಧಾನವಾದರೆ ಅದೂ ನಿಧಾನ. ಕೊಯ್ಲಿನ ದಿನ ಪಲ್ಪರಿನ ಭಾರಕ್ಕೆ ಇಂಜಿನ್ನು ಏದುಸಿರು ಬಿಡುತ್ತಿತ್ತು. ಟೇಪು ನಿಧಾನವಾಗಿ ಓಡಿ ಸ್ವರ ಹಿಡಿಯಿತು. ಆ ಹೊತ್ತಿಗೇ ಕೇಳಿದ್ದರಿಂದ, ಕೇಳುವಾಗಲೂ ಅಷ್ಟೇ ನಿಧಾನ, ಸ್ವರ ಸರಿಯಾಗಿತ್ತು. ಈಗ ಮಳೆಗಾಲ. ಕಾಫಿ ಇಲ್ಲ, ಪಲ್ಪರ್ ಇಲ್ಲ, ಇಂಜಿನ್ನು ಹಗುರಾಗಿ ಓಡುತ್ತದೆ. ಟೇಪೂ ಓಡುತ್ತದೆ, ಸ್ವರವೂ ಎಳೆಯದಾಗುತ್ತದೆ. ಊರಿನ ಇಲಾಖೆಯ ಕರೆಂಟಿನಲ್ಲಿ ಎಷ್ಟೋ ಮಿಷನ್ ಪರೀಕ್ಷಿಸಿದ ನಮಗೆ ಇದು ಹೊಳೆದಿರಲಿಲ್ಲ.

"ಇಂಜಿನ್ನಿಗೆ ಭಾರ ಹಾಕ್ಬೇಕು" ಎಂದರು ನಮ್ಮವರು.

"ಆಷಾಢದಲ್ಲಿ ಕಾಫಿ ಹಣ್ಣು ಎಲ್ಲಿಂದ ತರಾದು?" ಎಂದರು ಮಹದೇವಪ್ಪ.

"ಭತ್ತ ಅದ್ಯಲ್ಲ. ಹಲ್ಲರ್ ಓಡ್ಸಿ."

ಮನೆಯ ಕಣಜದಿಂದ ಒಂದು ಚೀಲ ಭತ್ತ ಇಂಜಿನ್ ಮನೆಗೆ ಹೋಯಿತು. ಮಹದೇವಪ್ಪ ಅಲ್ಲಿ ನಿಂತರು. ಜಗಲಿಗೂ ಇಂಜಿನ್ ಮನೆಗೂ ನಡುವೆ ಆಳುಗಳು ಸಾಲಾಗಿ ನಿಂತು ಮಾತು ದಾಟಿಸತೊಡಗಿದರು. ಹಲ್ಲರ್ ಶುರುವಾಯಿತು, ಜಗಲಿಯ ಬಲ್ಬು ಒಂದು ಕಳೆ ಕಡಿಮೆಯಾಯಿತು. ಟೇಪು ಹಾಕಿದೆವು. ಹುಡುಗ ದೊಡ್ಡವನಾಗಿದ್ದ.

"ಇವ್ರು ನಮ್ಮೋರಲ್ಲ. ನಮ್ಮ ಮೈದ್ನ" ಎಂದರು ಸಿದ್ದವ್ವ.

"ಇನ್ನೂ ಸುರೀರಿ!" ಎಂದು ನಮ್ಮವರು ಕೂಗಿದರು. "ಇನ್ನೂ ಸುರೀಬೇಕಂತೆ!" ಎಂದು ಸಾಲು ಕೂಗಿತು. ಹಲ್ಲರಿನ ಬಾಯಿಗೆ ಎರಡು ಮಂಕರಿ ಒಟ್ಟಿಗೆ ಬಿತ್ತು. ಸ್ವರ ಇನ್ನೂ ಇಳಿಯಿತು.

"ಇದು ಅವರೇ. ಲಗ್ನ ಆದ ವರ್ಷದ ಸ್ವರ." ಸಿದ್ದವ್ವ ಬಾಗಿಲು ಬಿಟ್ಟು ಈಚೆಗೆ ಬಂದಿದ್ದರು.

"ಇನ್ನೂ ವಯಸ್ಸಾಗ್ಬೇಕು, ಸುರೀರಿ!"

ಭತ್ತ ಮುಗಿಯಿತು. ಪಕ್ಕದ ಮನೆಗಳಿಗೆ ಆಳುಗಳು ಓಡಿದರು. ಯಜಮಾನರ ಸ್ವರಕ್ಕೆ ಭತ್ತ ಬೇಕಂತೆ ಎಂದರೆ ಯಾರು ಇಲ್ಲ ಎನ್ನುತ್ತಾರೆ? ಪುಕ್ಕಟೆ ಕುಟ್ಟಿಕೊಡುತ್ತಾರಂತೆ ಎಂದೂ ಸೇರಿಸಿದ್ದರಂತೆ. ತಲೆಗೆ ಎಲೆಯ ಗೊರಬು ಹಾಕಿಕೊಂಡು ಮಳೆಯಲ್ಲಿ ಮೂಟೆ ಹೊತ್ತು ಬಂದರು. ಒಬ್ಬಾಕೆ ಕುಕ್ಕೆಯಲ್ಲಿ ರಾಗಿ ತಂದು, "ಇದು ಆಗ್ತದ?" ಎಂದು ಕೇಳಿದಳು. ಹಲ್ಲರ್ ತುಂಬಿ, ಇಂಜಿನ್ನು ದಮ್ಮು ಹಿಡಿದವರ ಹಾಗೆ ಡುಬ್ ಡುಬ್ ಎಂದಿತು. ನಮ್ಮವರು ಟೇಪನ್ನು ಮತ್ತೆ ಹಿಂದಕ್ಕೆ ಸುತ್ತಿದರು.

"ಏ ಸಿದ್ದಿ, ಕರಿ ಎಮ್ಮೆಗೆ ಹುಲ್ ಹಾಕ್ದ?"

ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಸಿದ್ದವ್ವ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಗೆ ಹೇಳಿದರು, "ಹಾಕಿದೀನಿ, ಹಾಕಿದೀನಿ. ಕೂಗಾಡ್ಬೇಡಿ." ಆಮೇಲೆ ನಮ್ಮ ಕಡೆ ತಿರುಗಿ, "ಸಾಕು, ಇನ್ನು ಸುರೀಬ್ಯಾಡಿ. ಇದೇ" ಎಂದರು. ನಕ್ಕರು, ಕಣ್ಣು ಒರೆಸಿಕೊಂಡರು, ಎಲ್ಲರಿಗೂ ಕಾಫಿ ಇಡಲು ಒಳಗೆ ಹೋದರು.

ಆ ಮನೆಯಲ್ಲಿ ಮುಂದೆ ಹಲ್ಲರ್ ಓಡಿಸುವ ದಿನವೆಂದರೆ ಯಜಮಾನರು ಮಾತಾಡುವ ದಿನ ಎಂದಾಯಿತು. ಊರ ಹೆಂಗಸರು ಮೊರದಲ್ಲಿ ಅಕ್ಕಿ ಕೇರುತ್ತಾ, ಅವರ ಬೈಗುಳ ಕೇಳುತ್ತಾ ಕೂತಿರುತ್ತಿದ್ದರು. ನಾವು ಅಂದಿನಿಂದ ಯಾವ ತೋಟಕ್ಕೆ ಹೋದರೂ ಮೊದಲು ಇಂಜಿನ್ ಮನೆ ನೋಡುತ್ತಿದ್ದೆವು, ಎಲ್ಲ ಭಾರ ಬಿಡಿಸಿ ಆಮೇಲೆ ಸ್ವರ ಹಿಡಿಯುತ್ತಿದ್ದೆವು. ಮುಂದೆ ಬ್ಯಾಟರಿಯ ಮಿಷನ್ ಬಂತು, ಕ್ಯಾಸೆಟ್ ಬಂತು. ಅವು ಇಂಜಿನ್ನಿನ ಮಾತು ಕೇಳುವುದಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಯಾರ ಮನೆಗೂ ಹೋಗಬೇಕಾಗಿಲ್ಲ.

ಇದನ್ನು ಇಲ್ಲಿಯವರೆಗೆ ಬರೆದ ದಿನ ನಾನು ಪೆನ್ನು ಕೆಳಗಿಟ್ಟೆ. ಯಜಮಾನರಿಗೆ ಬೆರಳು ಕಾಣದೆ ನಮ್ಮವರು ಬಾಯಿ ಬಿಟ್ಟರು ಎಂದು ನಾನೇ ಬರೆದಿದ್ದೆ. ಟೇಪು ಆಗ ಓಡುತ್ತಿತ್ತು ಎಂದೂ ಬರೆದಿದ್ದೆ. ಕಪಾಟಿನಲ್ಲಿ ಹುಡುಕಿದ್ದು ಬೇರೆ ಮನೆಯಲ್ಲಿತ್ತು.

ಹೇಳಿಕಳಿಸಿದೆ. ಮಹದೇವಪ್ಪನವರೇ ಟೇಪು ತಂದರು. ಅವರಿಗೂ ಈಗ ತಲೆ ಬೆಳ್ಳಗಾಗಿದೆ. ಸಿದ್ದವ್ವ ಹೋಗಿ ಬಹಳ ಕಾಲವಾಯಿತು. ತೋಟಕ್ಕೆ ಇಲಾಖೆಯ ಕರೆಂಟು ಬಂದ ಮೇಲೆ ಇಂಜಿನ್ನನ್ನು ಗುಜರಿಗೆ ಕೊಟ್ಟರಂತೆ. ಆ ಟೇಪು ಹಾಕುವುದನ್ನೂ ಆಗಲೇ ಬಿಟ್ಟರಂತೆ.

ನಮ್ಮ ಮಿಷನ್ನಿಗೆ ಹಾಕಿದೆ. ಮೊದಲು ಪಲ್ಪರ್, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ. ಆಮೇಲೆ, "ಮಾತಾಡಿ ಯಜಮಾನ್ರೆ, ಓಡ್ತಾ ಅದೆ." ಎಳೆಯ ಹುಡುಗ ಯಾರೋ ಹೇಳಿದ ಹಾಗೆ ಇತ್ತು. ಮಹದೇವಪ್ಪನವರಿಗೆ ನಗು ತಡೆಯಲಾಗಲಿಲ್ಲ, ನನಗೂ.

ತಿರುಗುವ ಚಕ್ರಕ್ಕೆ ಬೆರಳು ಒತ್ತಿ ನಿಧಾನ ಮಾಡಿದೆ. ಸ್ವರ ಇಳಿಯಿತು. "ಇದೇ, ಇದೇ ನಮ್ಮಪ್ಪ!" ಎಂದರು ಮಹದೇವಪ್ಪ. ಇನ್ನೂ ಸ್ವಲ್ಪ ಒತ್ತಿದೆ. "ಇದೂ ನಮ್ಮಪ್ಪನೇ ಅನ್ನಿಸ್ತದಲ್ಲಕ್ಕ" ಎಂದು ತಲೆ ಕೆರೆದುಕೊಂಡರು. "ಅವ್ವ ಇರ್ಬೇಕಿತ್ತು. ಅವಳ್ದು ಒಂದೇ ಮಾತು."

ಎದುರಿನ ದರ್ಜಿ ಮೊಯ್ದು ಕಾಕಾನನ್ನು ಕರೆದು, ನಮ್ಮವರ ಆ ಮಾತನ್ನು ಚಕ್ರ ಒತ್ತಿ ಕೇಳಿಸಿದೆ. "ಇದು ನಂಜಪ್ಪಣ್ಣ ತನ್ನೆ ಅಕ್ಕಾ, ಸಂಶಯ ಬೇಡ" ಎಂದ ತನ್ನ ಮಲಯಾಳ ಬೆರೆತ ಕನ್ನಡದಲ್ಲಿ. ಮರುದಿನ ನನ್ನ ವಾರಗಿತ್ತಿಗೆ ಅಷ್ಟೇ ಒತ್ತಿ ಕೇಳಿಸಿದೆ. "ಭಾವನೋರ್ದು ಇನ್ನೂ ದಪ್ಪ ಇತ್ತು ಕಣಕ್ಕ. ಬಾಗಿಲಲ್ಲಿ ಕೂಗಿದ್ರೆ ಹಿತ್ಲಿಗೆ ಕೇಳಾದು" ಎಂದಳು. ಇಬ್ಬರೂ ನನ್ನ ಎದುರಿಗೇ ಜಗಳವಾಡಿದರು. ಮೊಯ್ದು ಕಾಕಾ ನಮ್ಮವರು ಕೂಗುವ ಹಾಗೆ ಕೂಗಿ ತೋರಿಸಿದ. ವಾರಗಿತ್ತಿ ಅದಕ್ಕಿಂತ ದಪ್ಪಗೆ ಕೂಗಿ ತೋರಿಸಿದಳು. ಅವರಿಬ್ಬರನ್ನು ಕಂಡು ನಮ್ಮವರಿದ್ದಿದ್ದರೆ ನೆಲಕ್ಕೆ ಬಿದ್ದು ನಗುತ್ತಿದ್ದರು.

ಬೆರಳಿನ ಒತ್ತಡ ಒಂದೇ ಸಮ ನಿಲ್ಲುವುದಿಲ್ಲ. ಟೇಪನ್ನು ಎಳೆಯುವ ಕಡ್ಡಿಯನ್ನು ಉಜ್ಜಿ ಸಣ್ಣದು ಮಾಡಿದರೆ ಅದು ಸದಾ ನಿಧಾನವಾಗಿಯೇ ಓಡುತ್ತದೆ. ಆ ಕೆಲಸ ನನಗೆ ಬರುತ್ತದೆ, ಉಜ್ಜುವ ಕಾಗದವೂ ಇದೆ. ಎಷ್ಟು ಉಜ್ಜಬೇಕು ಎಂದು ತಿಳಿಯಬೇಕಾದರೆ ಸರಿಯಾದ ಸ್ವರ ಯಾವುದು ಎಂದು ತಿಳಿದಿರಬೇಕು. ಅಷ್ಟು ವರ್ಷ ದಿನವೂ ಕೇಳಿದವಳು ನಾನು. ಒಂದು ದಿನ ಒಂದು ಕಡೆ ಇದೇ ಅನ್ನಿಸುತ್ತದೆ, ಮಾರನೆಯ ದಿನ ಇನ್ನೊಂದು ಕಡೆ.

ಅವರ ಮಾತು ನನ್ನ ಹತ್ತಿರ ಇದೆ. ಅವರ ಸ್ವರ ಇನ್ನೂ ಸಿಕ್ಕಿಲ್ಲ.